ಕಿಲ್ಟ್ ಯಾರು ಉಡಬಹುದು, ಯಾವಾಗ ಉಡಬಹುದು: ಸ್ಕಾಟ್‌ಲೆಂಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಸ್ಕಾಟ್‌ಲೆಂಡಿಗೆ ಬಂದು ನೆಲೆಸುವ ಕುಟುಂಬಗಳಿಗೆ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ, ನಿರಿಗೆ ಹಿಡಿದ ಮಂಡಿಯುದ್ದದ ಸ್ಕಾಟಿಷ್ ಉಡುಪಾದ ಕಿಲ್ಟ್‌ನ ಪ್ರಶ್ನೆ ಎದುರಾಗುತ್ತದೆ. ಸಹೋದ್ಯೋಗಿಯ ಮದುವೆಯ ಕರೆಯೋಲೆಯ ತುದಿಯಲ್ಲಿ ‘ಹೈಲ್ಯಾಂಡ್ ಡ್ರೆಸ್’ (ಕಿಲ್ಟ್ ಸಹಿತವಾದ ಉಡುಪು) ಎಂದು ಅಚ್ಚಾಗಿರುತ್ತದೆ, ಇಲ್ಲವೇ ಕವಿ ರಾಬರ್ಟ್ ಬರ್ನ್ಸ್ ನೆನಪಿನ ಬರ್ನ್ಸ್ ದಿನದಂದು ಮಗುವಿಗೆ ಏನಾದರೂ ಟಾರ್ಟನ್ (ಬಣ್ಣದ ಚೌಕಳಿಯ ಬಟ್ಟೆ) ತೊಡಿಸಿ ಕಳುಹಿಸಿ ಎಂದು ಜನವರಿಯಲ್ಲಿ ಶಾಲೆಯಿಂದ ಸಂದೇಶ ಬರುತ್ತದೆ. ಆಗ ನಮ್ಮ ಕನ್ನಡ ಸಂಘದ ಹಿರಿಯರಲ್ಲಿ ಹೊಸಬರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ನಾವು ಉಟ್ಟರೆ ಇಲ್ಲಿನವರಿಗೆ ಬೇಸರವಾಗುವುದಿಲ್ಲವೇ? ಯಾರು ಉಡಬಹುದು ಎಂಬ ವಿಷಯದಲ್ಲಿ ಸ್ಕಾಟರು ನಾವು ಊಹಿಸುವುದಕ್ಕಿಂತ ಉದಾರಿಗಳು. ಯಾವಾಗ ಮತ್ತು ಹೇಗೆ ಉಡಬೇಕು ಎಂಬ ವಿಷಯದಲ್ಲಿ ಮಾತ್ರ ಅವರಿಗೆ ಸೂಕ್ಷ್ಮವಾದ ಕಟ್ಟಳೆಗಳಿವೆ, ಮತ್ತು ಅವನ್ನು ಅವರು ಬಾಯಿಬಿಟ್ಟು ಹೇಳುವುದು ಕಡಿಮೆ. ಈ ಬರಹ ಹೆಚ್ಚಾಗಿ ಆ ಎರಡನೆಯದರ ಕುರಿತಾದದ್ದು.

ಕುಲದ ಅಂಜಿಕೆ

ನಮ್ಮವರ ಮೊದಲ ಅಂಜಿಕೆ ಕುಲದ್ದು. ಪ್ರತಿಯೊಂದು ಟಾರ್ಟನ್ ಒಂದೊಂದು ಕ್ಲ್ಯಾನ್‌ಗೆ, ಅಂದರೆ ಒಂದೇ ಮನೆತನದ ಹೆಸರು ಹೊತ್ತ ಬಳಗಕ್ಕೆ ಸೇರಿದ್ದೆಂದೂ ಆ ಹೆಸರಿಲ್ಲದವರು ಅದನ್ನು ಉಡಬಾರದೆಂದೂ ಯಾರೋ ಹೇಳಿರುತ್ತಾರೆ. ಹಾಗೆ ತಡೆಯುವ ಕಾನೂನು ಇಲ್ಲ. 2009ರಲ್ಲಿ ಆರಂಭವಾದ ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್ ಎಂಬ ಸರ್ಕಾರಿ ದಾಖಲೆಯು ವಿನ್ಯಾಸಗಳನ್ನು ನೋಂದಾಯಿಸುತ್ತದೆಯೇ ಹೊರತು ಉಡುವವರ ವಂಶಾವಳಿಯನ್ನು ಕೇಳುವುದಿಲ್ಲ. ರಾಜಮನೆತನಕ್ಕೆ ಮೀಸಲಾದ ಬಾಲ್ಮೋರಲ್ ಟಾರ್ಟನ್‌ನಂಥ ಕೆಲವನ್ನು ಸಂಪ್ರದಾಯದಂತೆ ಹೊರಗಿನವರು ಉಡುವುದಿಲ್ಲ, ಆದರೆ ಅಂಥವು ಬಾಡಿಗೆ ಅಂಗಡಿಯಲ್ಲಿ ಸಿಗುವುದೂ ಇಲ್ಲವಾದ್ದರಿಂದ ಚಿಂತೆಗೆ ಕಾರಣವಿಲ್ಲ.

ಇದರ ಹಿಂದಿನ ಚರಿತ್ರೆಯನ್ನು ತುಸು ತಿಳಿದಿರುವುದು ಒಳ್ಳೆಯದು. ಪದಚ್ಯುತ ಸ್ಟುವರ್ಟ್ ರಾಜವಂಶದ ಪರ ಬಂಡೆದ್ದ ಜ್ಯಾಕೊಬೈಟರು ಕಲಡನ್ ಕದನದಲ್ಲಿ ಸೋತ 1746ರಲ್ಲೇ, ಹೈಲ್ಯಾಂಡ್ ಎಂಬ ಉತ್ತರದ ಗುಡ್ಡನಾಡಿನ ಉಡುಪನ್ನು ನಿಷೇಧಿಸುವ ಕಾಯ್ದೆ ಬಂತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯ ತಪ್ಪಿಗೆ ಏಳು ವರ್ಷ ಸಾಗರದಾಚೆಗೆ ಗಡಿಪಾರು ಎಂದು ಅದು ವಿಧಿಸಿತ್ತು, ಮತ್ತು 1782ರವರೆಗೂ ಜಾರಿಯಲ್ಲಿತ್ತು. ಸೈನ್ಯಕ್ಕೆ ಮಾತ್ರ ವಿನಾಯಿತಿ ಇದ್ದುದರಿಂದ ಆ ವರ್ಷಗಳಲ್ಲಿ ಕಿಲ್ಟ್ ಉಳಿದದ್ದು ಮುಖ್ಯವಾಗಿ ಬ್ರಿಟಿಷ್ ಸೈನ್ಯದ ಹೈಲ್ಯಾಂಡ್ ದಳಗಳಲ್ಲಿ. ಅಂಥ ದಳಗಳು ಮುಂದೆ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇದ್ದವು, ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಸ್ಕಾಟ್‌ಲೆಂಡಿನವನೇ. ಹೀಗಾಗಿ ನಮ್ಮಲ್ಲಿ ಕೆಲವರಿಗೆ ಈ ಉಡುಪಿನ ಬಗ್ಗೆ ಹಿಂಜರಿಕೆ ಇದ್ದರೆ ಅದು ಅಕಾರಣವೇನಲ್ಲ. ನಾಲ್ಕನೆಯ ಜಾರ್ಜ್ ದೊರೆ 1822ರಲ್ಲಿ ಎಡಿನ್‌ಬರಾಕ್ಕೆ ಬಂದಾಗ ಸಾಹಿತಿ ವಾಲ್ಟರ್ ಸ್ಕಾಟ್ ಮುಂದೆ ನಿಂತು ಏರ್ಪಡಿಸಿದ ಟಾರ್ಟನ್ ಸಂಭ್ರಮದಿಂದಲೇ ಕಿಲ್ಟ್ ಇಡೀ ದೇಶದ ಉಡುಪಾಗುವ ದಾರಿ ತೆರೆಯಿತು. ಇಂದು ಕಾಣುವ ಕ್ಲ್ಯಾನ್ ಮತ್ತು ಟಾರ್ಟನ್‌ಗಳ ಜೋಡಣೆಯಲ್ಲಿ ಹೆಚ್ಚಿನದು 19ನೇ ಶತಮಾನದಲ್ಲಿ ಗಟ್ಟಿಯಾದದ್ದು. ಎಡಿನ್‌ಬರಾ ಮತ್ತು ಗ್ಲಾಸ್ಗೋ ಸುತ್ತಲಿನ ತಗ್ಗುನಾಡಿನ ಎಷ್ಟೋ ಜನರ ಪೂರ್ವಿಕರು ಕಿಲ್ಟ್ ಉಟ್ಟವರೇ ಅಲ್ಲ. ಇದನ್ನು ಬಲ್ಲ ಸ್ಕಾಟರೂ ಬಹಳ ಮಂದಿ ಇದ್ದಾರೆ. ಆದರೆ ಮದುವೆ ಮಂಟಪದಲ್ಲಿ ನಿಂತ ವರನ ತಂದೆಗೆ ಇದನ್ನೆಲ್ಲ ವಿವರಿಸಲು ಹೋಗಬೇಡಿರೆಂದು ವಿನಂತಿ.

ಸ್ಕಾಟರಲ್ಲೂ ಕಿಲ್ಟ್ ಬಗ್ಗೆ ಒಂದೇ ಅಭಿಪ್ರಾಯವಿಲ್ಲ. ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಮನೆಯವರು ಹೊಲಿಸಿಕೊಟ್ಟ ಕಿಲ್ಟನ್ನು ಜೀವಮಾನವಿಡೀ ಜೋಪಾನ ಮಾಡುವವರಿದ್ದಾರೆ. ಮದುವೆ ಬಂದಾಗ ಬಾಡಿಗೆಗೆ ತಂದು ಉಟ್ಟು ಮರಳಿಸುವವರು ಇನ್ನೂ ಹೆಚ್ಚು. ಇದೆಲ್ಲ ಶಾರ್ಟ್‌ಬ್ರೆಡ್ ಬಿಸ್ಕತ್ತಿನ ಡಬ್ಬಿಯ ಮೇಲಿನ ಸ್ಕಾಟ್‌ಲೆಂಡ್, ಪ್ರವಾಸಿಗಳಿಗಾಗಿ ಕಟ್ಟಿದ ವೇಷ ಎಂದು ಹೇಳಿ ಒಮ್ಮೆಯೂ ಉಡದವರೂ ಇದ್ದಾರೆ. ಈ ಕೊನೆಯವರಿಗೆ ಮುನಿಸು ಇದ್ದರೆ ಅದು ಮಾರಾಟದ ಸರಕಿನ ಮೇಲೆ, ಹೊರಗಿನಿಂದ ಬಂದು ಅಕ್ಕರೆಯಿಂದ ಉಡುವವರ ಮೇಲಲ್ಲ. ಪಾಕಿಸ್ತಾನ ಮೂಲದ ಕುಟುಂಬದ ರಾಜಕಾರಣಿ ಹಮ್ಜಾ ಯೂಸಫ್ 2016ರಲ್ಲಿ ಸ್ಕಾಟಿಷ್ ಸಂಸತ್ತಿನಲ್ಲಿ ಕಿಲ್ಟ್ ಉಟ್ಟು ಉರ್ದುವಿನಲ್ಲೂ ಪ್ರಮಾಣವಚನ ಸ್ವೀಕರಿಸಿದರು, ಮುಂದೆ 2023ರಲ್ಲಿ ಇಲ್ಲಿನ ಫಸ್ಟ್ ಮಿನಿಸ್ಟರ್ (ಸ್ಕಾಟಿಷ್ ಸರ್ಕಾರದ ಮುಖ್ಯಸ್ಥ) ಆದರು. ಸಿಖ್ಖರ ಸಿಂಗ್ ಟಾರ್ಟನ್, ಯಹೂದಿ ಟಾರ್ಟನ್, ಇಸ್ಲಾಮಿಕ್ ಟಾರ್ಟನ್ ಎಲ್ಲವೂ ಬಳಕೆಯಲ್ಲಿವೆ.

ಯಾವುದನ್ನು ಆರಿಸಬೇಕೆಂದು ತಿಳಿಯದವರಿಗೆ ಬ್ಲ್ಯಾಕ್ ವಾಚ್, ಹಂಟಿಂಗ್ ಸ್ಟುವರ್ಟ್, ಕ್ಯಾಲೆಡೋನಿಯಾ, ಫ್ಲವರ್ ಆಫ್ ಸ್ಕಾಟ್‌ಲ್ಯಾಂಡ್ ಇವುಗಳಲ್ಲಿ ಯಾವುದಾದರೂ ಆದೀತು, ಏಕೆಂದರೆ ಇವನ್ನು ಕ್ಲ್ಯಾನ್ ಇಲ್ಲದ ಸ್ಕಾಟರೇ ಧಾರಾಳವಾಗಿ ಉಡುತ್ತಾರೆ. ಕನ್ನಡ ಬಾವುಟದ ಬಣ್ಣಗಳೇ ಬೇಕೆಂದು ಹಟ ಹಿಡಿಯುವವರ ಕಣ್ಣು ಮ್ಯಾಕ್ಲೌಡ್ ಆಫ್ ಲೂಯಿಸ್ ಟಾರ್ಟನ್ ಮೇಲೆ ಬೀಳುವುದುಂಟು. ಕಪ್ಪು ಪಟ್ಟೆ, ಕೆಂಪು ಗೆರೆಗಳುಳ್ಳ ಆ ಕಡು ಹಳದಿ ಬಟ್ಟೆಯನ್ನು ‘ಲೌಡ್ ಮ್ಯಾಕ್ಲೌಡ್’ ಎಂದು ಸ್ಕಾಟರೇ ಗೇಲಿ ಮಾಡುತ್ತಾರೆಂಬುದನ್ನು ತಿಳಿದುಕೊಂಡು ಆರಿಸಿಕೊಳ್ಳಿ.

ಸಂದರ್ಭ

ನಮ್ಮಲ್ಲಿ ಅತಿಥಿಗೆ ಮೈಸೂರು ಪೇಟ ತೊಡಿಸುವಾಗ ಅವರ ಜಾತಿ, ಊರು ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ಅದೇ ಪೇಟವನ್ನು ತೊಟ್ಟು ಮರುದಿನ ತರಕಾರಿ ತರಲು ಹೊರಟರೆ ಬೀದಿಯವರೆಲ್ಲ ನಿಂತು ನೋಡುತ್ತಾರೆ. ಕಿಲ್ಟ್ ವಿಷಯದಲ್ಲಿ ಸ್ಕಾಟರ ಮನಸ್ಸು ಇದಕ್ಕೆ ಬಹಳ ಹತ್ತಿರ. ಮದುವೆ, ಪದವಿ ಪ್ರದಾನ, ಕೇಲಿ ಎಂದು ಉಚ್ಚರಿಸುವ ನೃತ್ಯಕೂಟ, ನವೆಂಬರ್ 30ರ ಸೇಂಟ್ ಆಂಡ್ರೂ ದಿನ, ವರ್ಷದ ಕೊನೆಯ ರಾತ್ರಿಯ ಹಾಗ್ಮನೇ, ಜನವರಿ 25ರ ಬರ್ನ್ಸ್ ಊಟ, ಬೇಸಿಗೆಯ ಹೈಲ್ಯಾಂಡ್ ಕ್ರೀಡಾಕೂಟಗಳು ಕಿಲ್ಟ್‌ಗೆ ಸಹಜವಾದ ಸಂದರ್ಭಗಳು. ದಿನನಿತ್ಯ ಉಡುವವರು ಇಲ್ಲವೆಂದಲ್ಲ, ಆದರೆ ಅವರು ವಿರಳ. ಯಾವುದೋ ಮಂಗಳವಾರ ಕಚೇರಿಗೆ ಕಿಲ್ಟ್ ಉಟ್ಟು ಹೋದರೆ ಯಾರೂ ಬೈಯುವುದಿಲ್ಲ, ಇಂದು ಯಾರ ಮದುವೆ ಎಂದು ಮಾತ್ರ ದಿನವಿಡೀ ಕೇಳುತ್ತಾರೆ.

ಒಂದು ಸಂದರ್ಭದಲ್ಲಿ ನಡೆಯುವುದು ಇನ್ನೊಂದರಲ್ಲಿ ನಡೆಯುವುದಿಲ್ಲ ಎಂಬುದನ್ನು ಗಮನಿಸಬೇಕು. ಹ್ಯಾಂಪ್ಡನ್ ಮೈದಾನದಲ್ಲಿ ಫುಟ್‌ಬಾಲ್ ನೋಡಲು, ಮರಿಫೀಲ್ಡ್‌ನಲ್ಲಿ ರಗ್ಬಿ ನೋಡಲು ಹೋಗುವವರು ಕಿಲ್ಟ್ ಮೇಲೆ ತಂಡದ ಅಂಗಿ ತೊಟ್ಟು, ಕಾಲಿಗೆ ದಪ್ಪ ಬೂಟು ಹಾಕಿಕೊಂಡು, ಕಾಲುಚೀಲವನ್ನು ಕೆಳಗೆ ಸರಿಸಿಕೊಂಡು ಓಡಾಡುತ್ತಾರೆ. ಅದೇ ಮನುಷ್ಯ ತಂಗಿಯ ಮದುವೆಗೆ ಬರುವಾಗ ಬೆಳ್ಳಿ ಗುಂಡಿಯ ಜಾಕೆಟ್ಟಿನಿಂದ ಬೂಟಿನ ದಾರದವರೆಗೆ ಎಲ್ಲವನ್ನೂ ಕ್ರಮದಂತೆ ತೊಟ್ಟಿರುತ್ತಾನೆ. ಶವಸಂಸ್ಕಾರಕ್ಕೂ ಕೆಲವು ಕುಟುಂಬಗಳಲ್ಲಿ ಕಿಲ್ಟ್ ಉಡುವುದುಂಟು, ಆದರೆ ಮನೆಯವರು ಹಾಗೆ ಕೋರಿರದಿದ್ದರೆ ನಮ್ಮಂಥವರಿಗೆ ಕಪ್ಪು ಸೂಟೇ ಯೋಗ್ಯ. ಮದುವೆಯಲ್ಲಿ ವರನ ಕಡೆಯವರು ತಮ್ಮ ಟಾರ್ಟನ್ನನ್ನು ಹೊಂದಿಸಿ ಆರಿಸಿರುತ್ತಾರೆ. ನೀವು ವರನ ಒಡನಾಡಿಗಳಲ್ಲಿ ಒಬ್ಬರಾಗಿದ್ದರೆ ಅವರು ಹೇಳಿದ್ದನ್ನೇ ಬಾಡಿಗೆಗೆ ತರಬೇಕು. ಬರಿಯ ಅತಿಥಿಯಾಗಿದ್ದು ಕರೆಯೋಲೆಯಲ್ಲಿ ಏನೂ ಬರೆದಿರದಿದ್ದರೆ ಸೂಟು, ಬಂದ್‌ಗಲಾ, ರೇಷ್ಮೆ ಪಂಚೆ ಯಾವುದಾದರೂ ಸರಿ. ಕಿಲ್ಟ್ ಉಡುವ ಮನಸ್ಸಿದ್ದರೆ ವರನನ್ನು ಒಂದು ಮಾತು ಕೇಳಿ. ಸಾಮಾನ್ಯವಾಗಿ ಅವರಿಗೆ ಸಂತೋಷವೇ ಆಗುತ್ತದೆ.

ಸ್ಕಾಟರಿಗೆ ನಿಜವಾಗಿ ಹಿಡಿಸದಿರುವುದು ಅಣಕ. ಎಡಿನ್‌ಬರಾದ ರಾಯಲ್ ಮೈಲ್ ಬೀದಿಯ ಅಂಗಡಿಗಳಲ್ಲಿ ಕೆಂಪು ಕೂದಲು ಅಂಟಿಸಿದ ಟೊಪ್ಪಿಗೆ ಮತ್ತು ತೆಳುವಾದ ನೈಲಾನ್ ಕಿಲ್ಟ್ ಸಿಗುತ್ತವೆ. ಕ್ರೀಡಾಭಿಮಾನಿಗಳು ತಾವೇ ಅಂಥ ಟೊಪ್ಪಿಗೆ ಹಾಕಿಕೊಂಡು ಕುಣಿದಾರು, ಆದರೆ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಸಲುಗೆ ಹೊಸಬರಿಗೆ ಬಂದುಬಿಡುವುದಿಲ್ಲ. ನಮ್ಮ ರಾಜ್ಯೋತ್ಸವದ ವೇದಿಕೆಗೆ ಕಿಲ್ಟ್ ಮತ್ತು ಪೇಟ ಎರಡನ್ನೂ ತೊಟ್ಟು ಬರಬಹುದೇ ಎಂದು ಯುವಕರು ಕೇಳುತ್ತಾರೆ. ಈ ಬಗ್ಗೆ ನಮ್ಮೊಳಗೇ ಎರಡು ಮಾತಿದೆ. ಉಡುವುದಾದರೆ ಕಿಲ್ಟನ್ನು ಸಾಂಗವಾಗಿ ಉಟ್ಟು ಬನ್ನಿ, ನಗೆನಾಟಕದ ವೇಷವಾಗಿ ಬೇಡ ಎಂಬಷ್ಟರ ಮಟ್ಟಿಗೆ ಮಾತ್ರ ಎಲ್ಲರ ಒಪ್ಪಿಗೆ ಇದೆ.

ಉಡುವ ಕ್ರಮ

ಉಟ್ಟ ಬಗೆಯ ಮೇಲೆ ಸ್ಕಾಟರ ಕಣ್ಣು ಎಷ್ಟು ಹರಿತವೆಂಬುದಕ್ಕೆ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟವೇ ಸಾಕ್ಷಿ. ತಮ್ಮದೇ ತಂಡದ ಮೆರವಣಿಗೆಯ ಕಿಲ್ಟ್ ಮತ್ತು ಅಂಗಿಯ ಹೊಂದಾಣಿಕೆ ಚೆನ್ನಾಗಿಲ್ಲವೆಂದು ಜನ ಬಹಿರಂಗವಾಗಿ ಹೀಯಾಳಿಸಿದ್ದರು. ಕಿಲ್ಟ್ ಹೊಕ್ಕುಳಿನ ಮಟ್ಟದಲ್ಲಿ ಕಟ್ಟಿ, ಮಂಡಿಯ ನಡುವಿಗೆ ಬರುವಂತಿರಬೇಕು. ಪ್ಯಾಂಟಿನ ಹಾಗೆ ಸೊಂಟದ ಕೆಳಗೆ ಇಳಿಸಿ ಕಟ್ಟಿದರೆ ಅಂಚು ಮಂಡಿಯ ಕೆಳಗೆ ಜೋತುಬಿದ್ದು ಹೊಸಬನ ಗುರುತು ದೂರದಿಂದಲೇ ಸಿಗುತ್ತದೆ. ನಿರಿಗೆಗಳು ಬೆನ್ನ ಕಡೆಗೆ, ಸಪಾಟಾದ ಭಾಗ ಮುಂದಕ್ಕೆ ಬರಬೇಕು. ಕಿಲ್ಟ್ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು, ಎರಡನ್ನೂ ಸೇರಿಸಿ ಚುಚ್ಚಿದರೆ ಬಟ್ಟೆ ಹರಿಯುತ್ತದೆ. ಕುಳಿತುಕೊಳ್ಳುವಾಗ ಹಿಂದಿನ ನಿರಿಗೆಗಳನ್ನು ಕೈಯಿಂದ ಸವರಿ ಕೆಳಗೆ ಸೇರಿಸಿಕೊಂಡು ಕೂರುವ ಅಭ್ಯಾಸವನ್ನು ಮನೆಯಲ್ಲೇ ಮಾಡಿಕೊಳ್ಳಿ. ಟ್ವೀಡ್ ಜಾಕೆಟ್ ಹಗಲಿಗೂ ‘ಪ್ರಿನ್ಸ್ ಚಾರ್ಲಿ’ ಎಂಬ ಕರಿಯ ಗಿಡ್ಡ ಜಾಕೆಟ್ ಸಂಜೆಗೂ ಎಂಬುದು ಹಳೆಯ ನಿಯಮ. ಈಗಿನ ಮದುವೆಗಳಲ್ಲಿ ಬೆಳಗ್ಗೆಯೇ ಪ್ರಿನ್ಸ್ ಚಾರ್ಲಿ ತೊಡುತ್ತಾರೆ, ಹಳಬರು ಮಾತ್ರ ಗೊಣಗುತ್ತಾರೆ.

ಉಣ್ಣೆಯ ಒಳ್ಳೆಯ ಕಿಲ್ಟ್‌ಗೆ ಸುಮಾರು ಎಂಟು ಗಜ ಬಟ್ಟೆ ಬೇಕಾಗುವುದರಿಂದ ಅದರ ಬೆಲೆ ನೂರಾರು ಪೌಂಡ್. ಆದ್ದರಿಂದ ಮೊದಲು ಬಾಡಿಗೆಗೆ ತರುವುದೇ ಲೇಸು. ಬೇಸಿಗೆಯಲ್ಲಿ ಮದುವೆಗಳು ಹೆಚ್ಚಿರುವುದರಿಂದ ವಾರಗಳ ಮುಂಚೆಯೇ ಅಂಗಡಿಗೆ ಹೋಗಿ ಅಳತೆ ಕೊಡಬೇಕು. ಕಿಲ್ಟ್‌ಗೆ ಜೇಬಿಲ್ಲವಾದ್ದರಿಂದ ಮುಂದೆ ಸ್ಪೊರನ್ ಎಂಬ ಚೀಲ ತೂಗುತ್ತದೆ. ಅದು ಸಾಮಾನ್ಯವಾಗಿ ಚರ್ಮದ್ದು, ಸಂಜೆಯ ಸ್ಪೊರನ್‌ಗೆ ಪ್ರಾಣಿಯ ತುಪ್ಪಳವೂ ಇರುತ್ತದೆ. ಇದು ಒಗ್ಗದ ಕುಟುಂಬಗಳು ಚರ್ಮವಿಲ್ಲದ ಸ್ಪೊರನ್ ಇದೆಯೇ ಎಂದು ಮೊದಲೇ ವಿಚಾರಿಸಿ. ಪ್ರಾಣಿಜನ್ಯ ವಸ್ತು ತೊಡದ ಗಿರಾಕಿಗಳು ಇಲ್ಲಿ ಬಹಳ ಮಂದಿ ಇರುವುದರಿಂದ ಈ ಪ್ರಶ್ನೆ ಅಂಗಡಿಯವರಿಗೆ ಹೊಸದಲ್ಲ.

ಹೆಂಗಸರು ಮತ್ತು ಮಕ್ಕಳು

ಕಿಲ್ಟ್ ಗಂಡಸರ ಉಡುಪೆಂಬ ಭಾವನೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಆದರೆ ಪೈಪ್ ಬ್ಯಾಂಡ್‌ಗಳ ಮಹಿಳೆಯರೂ ಹೈಲ್ಯಾಂಡ್ ನೃತ್ಯದ ಹುಡುಗಿಯರೂ ಅದನ್ನು ಉಡುತ್ತಲೇ ಬಂದಿದ್ದಾರೆ. ಮದುವೆ, ಔತಣಗಳಿಗೆ ಸೀರೆ ಉಟ್ಟು ಹೋದರೆ ಸಾಕು. ಸೀರೆಯ ಮೇಲೆ ಟಾರ್ಟನ್ ಶಲ್ಯ ಹೊದೆಯುವುದಕ್ಕೂ ಅಡ್ಡಿಯಿಲ್ಲ. ಬರ್ನ್ಸ್ ದಿನಕ್ಕೆಂದು ಮಗುವಿಗೆ ಪೂರ್ತಿ ಕಿಲ್ಟ್ ಖರೀದಿಸಬೇಕಾಗಿಲ್ಲ. ಟಾರ್ಟನ್ ಟೈ ಅಥವಾ ಸ್ಕಾರ್ಫ್ ಆದರೂ ಶಾಲೆಯವರಿಗೆ ಸಾಕು, ಎಷ್ಟೋ ಸ್ಕಾಟಿಷ್ ಮಕ್ಕಳೂ ಹಾಗೆಯೇ ಬರುತ್ತಾರೆ. ಕಿಲ್ಟನ್ನು ಲಂಗವೆಂದು ಕರೆಯಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡಿ.

ಕೇಳಬಾರದ ಪ್ರಶ್ನೆ ಮತ್ತು ಚೂರಿಯ ವಿಷಯ

ಒಳಗೆ ಏನು ತೊಟ್ಟಿದ್ದೀರಿ ಎಂಬ ಪ್ರಶ್ನೆಯನ್ನು ಸ್ಕಾಟರು ತಮ್ಮತಮ್ಮಲ್ಲಿ ಕೇಳಿ ನಗುತ್ತಾರೆ. ನೀವು ಕೇಳಬೇಡಿ, ಯಾರಾದರೂ ನಿಮ್ಮನ್ನು ಕೇಳಿದರೆ ಉತ್ತರಿಸುವ ಅಗತ್ಯವೂ ಇಲ್ಲ. ಒಳಉಡುಪು ಇಲ್ಲದವನೇ ನಿಜವಾದ ಸ್ಕಾಟ್ ಎಂಬುದು ಬರಿಯ ಹಾಸ್ಯದ ಮಾತು. ಬಾಡಿಗೆ ಕಿಲ್ಟ್ ಉಡುವವರು ಒಳಉಡುಪು ತೊಡಬೇಕೆಂದು ಅಂಗಡಿಯವರೂ ಬಯಸುತ್ತಾರೆ. ಕಿಲ್ಟನ್ನು ಎತ್ತುವುದು, ಕೆಳಗಿನಿಂದ ಫೋಟೊ ತೆಗೆಯುವುದು ತಮಾಷೆಯಲ್ಲ, ಅಪರಾಧವಾಗಬಹುದು.

ಬಲಗಾಲಿನ ಕಾಲುಚೀಲದಲ್ಲಿ ಸಿಕ್ಕಿಸುವ ಸ್ಕೀಯನ್ ಡೂ ಎಂಬ ಪುಟ್ಟ ಚೂರಿಯ ಬಗ್ಗೆ ಹಲವರು ಹೆದರುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಹರಿತವಾದ ಆಯುಧ ಒಯ್ಯುವುದನ್ನು ಸ್ಕಾಟ್‌ಲೆಂಡಿನ ಕಾನೂನು ನಿಷೇಧಿಸುತ್ತದೆ. ರಾಷ್ಟ್ರೀಯ ಉಡುಪಿನ ಅಂಗವಾಗಿ ಧರಿಸಿದ್ದೇನೆ ಎಂಬ ಸಮರ್ಥನೆಗೆ ಅದೇ ಕಾನೂನಿನಲ್ಲಿ ಅವಕಾಶವಿದೆ. ಹಾಗಿದ್ದರೂ ಕಿಲ್ಟ್ ಬಿಚ್ಚಿಟ್ಟು ಪ್ಯಾಂಟ್ ತೊಟ್ಟ ಮೇಲೆ ಆ ಚೂರಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರೆ ಈ ಸಮರ್ಥನೆ ನಿಲ್ಲುವುದಿಲ್ಲ. ಕ್ರೀಡಾಂಗಣ, ಶಾಲೆಗಳಿಗೆ ಹೋಗುವಾಗ ಅದನ್ನು ಮನೆಯಲ್ಲೇ ಬಿಡುವುದು ಕ್ಷೇಮ. ಬಾಡಿಗೆಯ ಜೊತೆಗೆ ಕೊಡುವುದು ಹಲವು ಬಾರಿ ಅಲಗೇ ಇಲ್ಲದ ಬರಿಯ ಹಿಡಿಯಾಗಿರುತ್ತದೆ, ಪಡೆಯುವಾಗ ನೋಡಿಕೊಳ್ಳಿ. ಸ್ವಂತದ್ದನ್ನು ಊರಿನ ಮದುವೆಗೆಂದು ಬೆಂಗಳೂರಿಗೆ ಒಯ್ಯುವವರು ಅದನ್ನು ಕೈಚೀಲದಲ್ಲಿ ಇಡದೆ ವಿಮಾನದ ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಕು.