ಅಮೆರಿಕದ ದ್ವೀಪ ಯಾವ ಲೆಕ್ಕಕ್ಕೆ ಸೇರುತ್ತದೆ? ಗುರುತಿಸುವುದು ಹೀಗೆ

‘ಗುವಾಮ್ ಅಮೆರಿಕದ್ದೇ ಅಲ್ವಾ, ಮತ್ತೆ ಕಸ್ಟಮ್ಸ್ ಪೇಪರ್ ಯಾಕೆ?’ ನಮ್ಮ ಆಫೀಸಿಗೆ ಹೊಸದಾಗಿ ಸೇರಿದವರೆಲ್ಲ ಇದನ್ನೇ ಕೇಳುತ್ತಾರೆ. ನ್ಯೂಜೆರ್ಸಿಯಲ್ಲಿ ಹಡಗು ಸರಕಿನ ಕಾಗದಪತ್ರ ನೋಡುವವಳು ನಾನು. ಗುವಾಮ್ ಪೆಸಿಫಿಕ್ ಸಾಗರದ ದ್ವೀಪ. ಅದರಂತೆ ಅಮೆರಿಕದ ವಶದಲ್ಲಿದ್ದೂ ರಾಜ್ಯವಲ್ಲದ ದ್ವೀಪಗಳ ಬಗ್ಗೆ ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸುಂಕದ ಗಡಿ ನೋಡಿ. 50 ರಾಜ್ಯಗಳು, ವಾಷಿಂಗ್ಟನ್ ಡಿ.ಸಿ., ಪೋರ್ಟೊ ರಿಕೊ, ಇಷ್ಟೇ ಅದರೊಳಗೆ. ಗುವಾಮ್, ಅಮೆರಿಕನ್ ಸಮೋವಾ, ಉತ್ತರ ಮರಿಯಾನಾ, ವರ್ಜಿನ್ ದ್ವೀಪಗಳು ಹೊರಗೆ. ಅಲ್ಲಿನ ಸರಕಿಗೆ ಸುಂಕ ಮಾಫಿ ಸಿಗಬಹುದು, ಪೇಪರ್ ಮಾತ್ರ ಬೇಕೇ ಬೇಕು.

ಆಮೇಲೆ ಮುಖ್ಯ ಪ್ರಶ್ನೆ: ಸಂವಿಧಾನ ಅಲ್ಲಿ ಪೂರ್ತಿ ನಡೆಯುತ್ತದೆಯೋ, ಅರ್ಧಂಬರ್ಧವೋ? ಪೂರ್ತಿ ನಡೆದರೆ ‘ಇನ್‌ಕಾರ್ಪೊರೇಟೆಡ್’, ಇಲ್ಲದಿದ್ದರೆ ‘ಅನ್‌ಇನ್‌ಕಾರ್ಪೊರೇಟೆಡ್’. ಇದರ ಮೂಲ ಕಿತ್ತಳೆ ಹಣ್ಣು. 1900ರಲ್ಲಿ ಸ್ಯಾಮ್ಯುಯೆಲ್ ಡೌನ್ಸ್ ಎಂಬ ವ್ಯಾಪಾರಿ ಪೋರ್ಟೊ ರಿಕೊದ ಸಾನ್ ಹುವಾನ್‌ನಿಂದ ನ್ಯೂಯಾರ್ಕ್‌ಗೆ ಕಿತ್ತಳೆ ತರಿಸಿದರು. 659 ಡಾಲರ್ 35 ಸೆಂಟ್ ಸುಂಕ ಬಿತ್ತು. ಪೋರ್ಟೊ ರಿಕೊ ನಮ್ಮದೇ ಆಗಿದ್ದರೆ ಸುಂಕ ಯಾಕೆ ಎಂದು ಕೋರ್ಟಿಗೆ ಹೋದರು. 1901ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಸುಂಕ ಸರಿ ಎಂದಿತು. ಪೋರ್ಟೊ ರಿಕೊ ಅಮೆರಿಕದ ವಶದಲ್ಲಿದೆ, ಆದರೆ ಸಂವಿಧಾನದ ಸುಂಕದ ನಿಯಮಕ್ಕೆ ಅಮೆರಿಕದ ಭಾಗವಲ್ಲ ಎಂಬುದು ತೀರ್ಪು. ಪೋರ್ಟೊ ರಿಕೊ ಇಂದು ಸುಂಕದ ಗಡಿಯ ಒಳಗಿದ್ದರೂ ಅಂದಿನ ವಿಂಗಡಣೆ ಹಾಗೇ ಉಳಿದಿದೆ: ಅದು ಇನ್ನೂ ‘ಅನ್‌ಇನ್‌ಕಾರ್ಪೊರೇಟೆಡ್’.

ಈಗ ‘ಇನ್‌ಕಾರ್ಪೊರೇಟೆಡ್’ ಆಗಿ ಉಳಿದಿರುವುದು ಪಾಲ್ಮೈರಾ ಹವಳದ್ವೀಪ ಒಂದೇ. 1959ರಲ್ಲಿ ಹವಾಯಿ ರಾಜ್ಯವಾದಾಗ ಅದನ್ನು ಹೊರಗಿಟ್ಟರು. ಅಲ್ಲಿ ಕಾಯಂ ವಾಸಿಗಳೇ ಇಲ್ಲ. ಜನರಿಲ್ಲದ ಜಾಗಕ್ಕೆ ಇಡೀ ಸಂವಿಧಾನ, 30 ಲಕ್ಷಕ್ಕೂ ಜಾಸ್ತಿ ಜನರಿರುವ ಪೋರ್ಟೊ ರಿಕೊಗೆ ಇಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಆಡಳಿತಕ್ಕೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಪ್ರತ್ಯೇಕ ಕಾಯ್ದೆ ಮಾಡಿದೆಯೇ ಎಂದೂ ನೋಡಿ. ಗುವಾಮ್‌ಗೆ 1950ರಲ್ಲಿ ಆಯಿತು. ಅಮೆರಿಕನ್ ಸಮೋವಾಕ್ಕೆ ಅಂಥದ್ದಿಲ್ಲ. ಅಲ್ಲಿ ತಮ್ಮದೇ 1967ರ ಸಂವಿಧಾನವಿದೆ, ಮೇಲುಸ್ತುವಾರಿ ಅಮೆರಿಕದ ಒಳನಾಡು ಇಲಾಖೆಯದು.

ಪೌರತ್ವವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ. ಪೋರ್ಟೊ ರಿಕೊ, ಗುವಾಮ್, ಉತ್ತರ ಮರಿಯಾನಾ, ವರ್ಜಿನ್ ದ್ವೀಪಗಳು, ಈ ನಾಲ್ಕು ಕಡೆ ಹುಟ್ಟಿದವರು ಅಮೆರಿಕದ ಪ್ರಜೆಗಳು. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ‘ನ್ಯಾಷನಲ್’ ಮಾತ್ರ. ಅವರ ಪಾಸ್‌ಪೋರ್ಟಿನಲ್ಲೇ ‘ಪ್ರಜೆಯಲ್ಲ’ ಎಂದು ಅಚ್ಚಾಗಿರುತ್ತದೆ. ಈ ಐದೂ ಕಡೆ ವಾಸಿಸುವವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಸಂಸತ್ತಿನ ಕೆಳಮನೆಗೆ ಅವರು ಕಳಿಸುವ ಪ್ರತಿನಿಧಿ ಮಾತಾಡಬಹುದು, ಮಸೂದೆಯ ಅಂತಿಮ ಮತದಾನದಲ್ಲಿ ಕೈ ಎತ್ತುವಂತಿಲ್ಲ. ಪೋರ್ಟೊ ರಿಕೊದವರೇ ಫ್ಲಾರಿಡಾಕ್ಕೆ ಮನೆ ಬದಲಿಸಿ ಹೆಸರು ನೋಂದಾಯಿಸಿದರೆ ಮತ ಸಿಗುತ್ತದೆ!

ಪಲಾವು, ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯಾವನ್ನು ಈ ಪಟ್ಟಿಗೆ ಸೇರಿಸಬೇಡಿ. ಡಾಲರ್ ಬಳಸುತ್ತವೆ, ರಕ್ಷಣೆ ಅಮೆರಿಕದ್ದು, ಆದರೂ ಸ್ವತಂತ್ರ ದೇಶಗಳು.

ಅಮೆರಿಕದಲ್ಲಿರುವ ನಮ್ಮ ಕನ್ನಡದವರಿಗೆ ಒಂದು ಮಾತು. ಅಮೆರಿಕನ್ ಸಮೋವಾ ತನ್ನ ವಲಸೆ ನಿಯಮ ತಾನೇ ನಡೆಸುತ್ತದೆ. ಅಮೆರಿಕದ ವೀಸಾ ಇದೆ ಎಂದು ಸುಮ್ನೆ ಟಿಕೆಟ್ ಮಾಡಬೇಡಿ, ಮೊದಲು ಅಲ್ಲಿನ ಪ್ರವೇಶ ಪರವಾನಗಿ ವಿಚಾರಿಸಿ.