ಐದಡಿ ಮೂರಿಂಚಿನ ಮೈಗೆ ಬಟ್ಟೆ ಹೊಂದಿಸಿಕೊಂಡ ಬಗೆ

ನನ್ನ ಎತ್ತರ ಐದಡಿ ಮೂರು ಇಂಚು, ಅಂದರೆ 160 ಸೆಂಟಿಮೀಟರ್. ಎದೆಯ ಸುತ್ತಳತೆ 37 ಇಂಚು, ಸೊಂಟ 31. ರೆಡಿಮೇಡ್ ಅಂಗಡಿಯಲ್ಲಿ 38ರ ಅಂಗಿ ತೊಟ್ಟರೆ ಎದೆಗೆ ಸರಿಯಾಗಿ ಕೂರುತ್ತದೆ. ಆದರೆ ಅದರ ಅಂಚು ತೊಡೆಯ ಮೇಲೆ ಇಳಿದಿರುತ್ತದೆ ಮತ್ತು ತೋಳು ಹೆಬ್ಬೆರಳಿನ ಬುಡವನ್ನು ಮುಚ್ಚುತ್ತದೆ. ಒಂದು ಸೈಜು ಕಡಿಮೆ ಮಾಡಿ 36ಕ್ಕೆ ಹೋದರೆ ಉದ್ದ ಅರ್ಧ ಇಂಚು ಕಡಿಮೆಯಾಗುತ್ತದೆ, ಗುಂಡಿಗಳ ನಡುವೆ ಮಾತ್ರ ಬಾಯಿ ಬಿಡುತ್ತದೆ. ಅಂಗಿಯ ಪಟ್ಟಿಯ ಮೇಲಿನ 38, 40, 42 ಎಂಬ ಅಂಕಿಗಳು ಹೇಳುವುದು ಸುತ್ತಳತೆಯನ್ನೇ ಹೊರತು ಉದ್ದವನ್ನಲ್ಲ. ಪ್ರತಿ ಸುತ್ತಳತೆಗೂ ಒಂದೇ ಉದ್ದವನ್ನು ತಯಾರಕರು ಗೊತ್ತುಮಾಡಿರುತ್ತಾರೆ, ಮತ್ತು ಆ ಉದ್ದ ನನಗಿಂತ ನಾಲ್ಕೈದು ಇಂಚು ಎತ್ತರದವನನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದೆಂದು ತೊಟ್ಟ ಕೂಡಲೇ ತಿಳಿಯುತ್ತದೆ.

ಭಾರತದ ಗಂಡಸರ ಸರಾಸರಿ ಎತ್ತರವೇ 165 ಸೆಂಟಿಮೀಟರಿನ ಆಸುಪಾಸಿನಲ್ಲಿರುವಾಗ ನಮ್ಮಂಥವರು ಅಪರೂಪವೇನೂ ಅಲ್ಲ. ನಮ್ಮ ಕಂಪನಿಗಳು ಬಹುಕಾಲ ಬ್ರಿಟನ್ ಮತ್ತು ಅಮೆರಿಕದ ಅಳತೆಗಳನ್ನೇ ಸ್ವಲ್ಪ ತಿದ್ದಿ ಬಳಸಿಕೊಂಡು ಬಂದಿವೆ. ಈ ಕಾರಣಕ್ಕೇ ಕೇಂದ್ರದ ಜವಳಿ ಸಚಿವಾಲಯವು ಫ್ಯಾಷನ್ ತಂತ್ರಜ್ಞಾನ ಕಲಿಸುವ ನಿಫ್ಟ್ ಸಂಸ್ಥೆಯ ಮೂಲಕ ಆರು ನಗರಗಳಲ್ಲಿ 15ರಿಂದ 65 ವರ್ಷದ ಸುಮಾರು 25,000 ಜನರ ಮೈಯನ್ನು ತ್ರೀಡಿ ಸ್ಕ್ಯಾನರ್‌ನಿಂದ ಅಳೆಯುವ ‘ಇಂಡಿಯಾಸೈಜ್’ ಯೋಜನೆಯನ್ನು ಕೈಗೊಂಡಿತು. ಅದರ ಫಲ ಅಂಗಡಿಯ ಕಪಾಟಿಗೆ ಬರುವತನಕ ನಮಗೆ ಟೈಲರ ಕತ್ತರಿಯೇ ಗತಿ.

ಆದರೆ ಕತ್ತರಿಯಿಂದ ಎಲ್ಲವೂ ಸರಿಹೋಗುವುದಿಲ್ಲ. ಬಟ್ಟೆ ಕೊಳ್ಳುವಾಗ ನಾನು ಉದ್ದವನ್ನು ಕೊನೆಗೆ ನೋಡುತ್ತೇನೆ. ಯಾವುದನ್ನು ಆಮೇಲೆ ತಿದ್ದಲಾಗದೋ ಅದನ್ನು ಮೊದಲು ನೋಡುತ್ತೇನೆ. ಅಂಗಿಯಲ್ಲಿ ಅಂಥದ್ದು ಭುಜ. ತೋಳು ಕೂಡುವ ಹೊಲಿಗೆ ಭುಜದ ಮೂಳೆಯ ತುದಿಯಲ್ಲಿ ಕೂರಬೇಕು. ಅಲ್ಲಿಂದ ಒಂದು ಇಂಚು ಕೆಳಗೆ ಜಾರಿದ್ದರೆ ಅಂಗಿ ಎಷ್ಟೇ ಅಗ್ಗವಿದ್ದರೂ ಕೆಳಗಿಡುತ್ತೇನೆ, ಏಕೆಂದರೆ ಎರಡೂ ತೋಳು ಬಿಚ್ಚಿ, ಭುಜ ಕತ್ತರಿಸಿ, ಮತ್ತೆ ಕೂಡಿಸುವ ಕೂಲಿ ಹೊಸ ಅಂಗಿಯ ಹೊಲಿಗೆಯ ಹತ್ತಿರಕ್ಕೆ ಬರುತ್ತದೆ. ಎರಡನೆಯದು ಕಂಕುಳ ಸುತ್ತಿನ ಆಳ. ಅದು ತೀರ ಕೆಳಗಿಳಿದಿದ್ದರೆ ಬಸ್ಸಿನ ಕಂಬಿ ಹಿಡಿಯಲು ಕೈಯೆತ್ತಿದಾಗ ಇಡೀ ಅಂಗಿ ಪ್ಯಾಂಟಿನಿಂದ ಹೊರಬರುತ್ತದೆ. ಅಲ್ಲಿ ಬಟ್ಟೆಯನ್ನು ಮೊದಲೇ ಕತ್ತರಿಸಿ ತೆಗೆದಾಗಿರುವುದರಿಂದ ಅದನ್ನು ಮೇಲಕ್ಕೆ ಏರಿಸುವ ಉಪಾಯವಿಲ್ಲ. ಎದೆಯ ಜೇಬೂ ಹಾಗೆಯೇ. ಕೆಳಗಿನಿಂದ ಮೂರು ಇಂಚು ಕತ್ತರಿಸಿದ ಅಂಗಿಯಲ್ಲಿ ದೊಡ್ಡ ಜೇಬು ಹೊಟ್ಟೆಯ ಮೇಲೆ ಕೂತಂತೆ ಕಾಣುತ್ತದೆ. ಕಿತ್ತು ಮೇಲೆ ಕೂರಿಸಿದರೆ ಹಳೆಯ ಹೊಲಿಗೆಯ ತೂತುಗಳು, ಮಾಸದ ಬಣ್ಣದ ಚೌಕ ಹಾಗೇ ಉಳಿಯುತ್ತವೆ. ಜೇಬಿಲ್ಲದ ಅಂಗಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ, ಪೆನ್ನು ಇಡಲು ಬೇರೆ ದಾರಿ ಹುಡುಕಿಕೊಳ್ಳುತ್ತೇನೆ.

ಪ್ಯಾಂಟಿನಲ್ಲಿ ಇದೇ ಸ್ಥಾನ ಕಂಪನಿಗಳು ‘ರೈಸ್’ ಎನ್ನುವ ಅಳತೆಗೆ ಸಲ್ಲುತ್ತದೆ. ಮುಂಭಾಗದಲ್ಲಿ ಸೊಂಟಪಟ್ಟಿಯ ಮೇಲಂಚಿನಿಂದ ಎರಡು ಕಾಲುಗಳ ಹೊಲಿಗೆ ಕೂಡುವ ಜಾಗದವರೆಗಿನ ಉದ್ದ ಅದು. ನನಗೆ 10 ಇಂಚು ಬೇಕು. ಅದಕ್ಕಿಂತ ಉದ್ದವಿದ್ದರೆ ತೊಡೆಸಂದಿನಲ್ಲಿ ಬಟ್ಟೆ ಜೋತುಬೀಳುತ್ತದೆ. ತುಂಬ ಕಡಿಮೆಯಿದ್ದರೆ ಪ್ಯಾಂಟು ಸೊಂಟದ ಕೆಳಗೆ ನಿಂತು, ಮೊದಲೇ ಗಿಡ್ಡವಾದ ಕಾಲು ಇನ್ನೂ ಗಿಡ್ಡವಾಗಿ ಕಾಣುತ್ತದೆ. ಅಂಗಡಿಯ ಹುಡುಗ ಕಾಲಿನ ತುದಿಯನ್ನು ಮಡಚಿ ಪಿನ್ನು ಚುಚ್ಚುವ ಅವಸರದಲ್ಲಿರುತ್ತಾನೆ; ನಾನು ಮಾತ್ರ ಟ್ರಯಲ್ ರೂಮಿನಲ್ಲಿ ಒಮ್ಮೆ ಕುಕ್ಕರಗಾಲಿನಲ್ಲಿ ಕೂತು, ಎದ್ದು, ಸೊಂಟಪಟ್ಟಿ ಹೊಕ್ಕುಳಿನ ಸ್ವಲ್ಪ ಕೆಳಗೇ ನಿಂತಿದೆಯೇ ಎಂದು ನೋಡಿಕೊಂಡು ಹೊರಬರುತ್ತೇನೆ.

ಉದ್ದ ಕತ್ತರಿಸುವುದು ಸುಲಭವೆಂದು ಎಲ್ಲರೂ ತಿಳಿಯುತ್ತಾರೆ, ಆದರೆ ಪ್ಯಾಂಟಿನ ನಿಜವಾದ ತೊಡಕಿರುವುದು ಅಲ್ಲಿಯೇ. ನನ್ನ ಕಾಲಿನ ಒಳಬದಿಯ ಉದ್ದ 27 ಇಂಚು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 32. ಐದು ಇಂಚು ಕತ್ತರಿಸಿದಾಗ ಹೋಗುವುದು ಬರಿಯ ಬಟ್ಟೆಯಲ್ಲ, ಪ್ಯಾಂಟಿನ ಆಕಾರವೂ ಹೋಗುತ್ತದೆ. ಕೆಳಗೆ ಕಿರಿದಾಗುತ್ತ ಬರುವ ಪ್ಯಾಂಟಿನ ಅತಿ ಕಿರಿದಾದ ಭಾಗವೇ ಕತ್ತರಿಗೆ ಸಿಕ್ಕುವುದರಿಂದ, 14 ಇಂಚು ಇದ್ದ ಬಾಟಮ್ ಸುತ್ತಳತೆ 15ರ ಆಚೆಗೆ ಹೋಗುತ್ತದೆ. ಜೊತೆಗೆ ಮೊಣಕಾಲಿಗೆಂದು ಅವರು ಗುರುತಿಸಿದ ಜಾಗ ನನ್ನ ಮೊಣಕಾಲಿಗಿಂತ ಎರಡೂವರೆ ಇಂಚು ಕೆಳಗೆ ಬಿದ್ದಿರುತ್ತದೆ. ಪಾದದ ಮೇಲೆ ಅಗಲವಾಗಿ ಹರಡಿದ ಇಂಥ ಪ್ಯಾಂಟು ಅಳತೆಗೆ ಸರಿಯಿದ್ದರೂ ಅಣ್ಣನದನ್ನು ತೊಟ್ಟಂತೆ ಕಾಣುತ್ತದೆ. ಆದ್ದರಿಂದ ಉದ್ದ ಕಡಿಮೆ ಮಾಡಿಸುವಾಗಲೇ ತೊಡೆಯ ನಡುವಿನಿಂದ ಕೆಳಗೆ ಮತ್ತೆ ಹದವಾಗಿ ಕಿರಿದು ಮಾಡಿಸುತ್ತೇನೆ: ಮೊಣಕಾಲಿನಲ್ಲಿ 16, ಬಾಟಮ್ 13 ಅಥವಾ 13½. ಇಸ್ತ್ರಿ ಗೆರೆಯಿರುವ ಫಾರ್ಮಲ್ ಪ್ಯಾಂಟಿನಲ್ಲಿ ಒಳಬದಿ ಹೊರಬದಿ ಎರಡರಿಂದಲೂ ಸಮನಾಗಿ ತೆಗೆಯಬೇಕು, ಇಲ್ಲವಾದರೆ ಗೆರೆ ಪಾದದ ಮಧ್ಯಕ್ಕೆ ಬರದೆ ಓರೆಯಾಗುತ್ತದೆ. ಜೀನ್ಸಿನಲ್ಲಿ ಎರಡು ಸಾಲು ಮೇಲುಹೊಲಿಗೆಯಿರುವ ಬದಿಯನ್ನು ಮುಟ್ಟದೆ, ಸಾದಾ ಹೊಲಿಗೆಯ ಬದಿಯಿಂದಷ್ಟೇ ತೆಗೆಸುತ್ತೇನೆ.

ಜೀನ್ಸಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ತುದಿಯ ಮಾಸಿದ ಮೂಲ ಅಂಚನ್ನು ಉಳಿಸಿ, ನಡುವಿನ ಬಟ್ಟೆಯನ್ನು ತೆಗೆದು, ಆ ಅಂಚನ್ನೇ ಮತ್ತೆ ಜೋಡಿಸಿಕೊಡುವ ಪದ್ಧತಿಯೊಂದಿದೆ. ‘ಒರಿಜಿನಲ್ ಬಾಟಮ್ ಇಡಿ’ ಎಂದರೆ ಆಲ್ಟರೇಷನ್ ಮಾಡುವವರಿಗೆ ಅರ್ಥವಾಗುತ್ತದೆ. ಎರಡು ಇಂಚು ತೆಗೆಯುವವರಿಗೆ ಇದು ಒಳ್ಳೆಯದು. ನನ್ನಂತೆ ಐದು ಇಂಚು ತೆಗೆದು ಬಾಟಮ್ಮನ್ನೂ ಕಿರಿದು ಮಾಡಿಸುವವರಿಗೆ ಹಳೆಯ ಅಂಚಿನ ಸುತ್ತಳತೆ ಹೊಂದುವುದಿಲ್ಲ, ಜೋಡಣೆಯ ಗೆರೆಯೂ ದಪ್ಪವಾಗಿ ಎದ್ದು ಕಾಣುತ್ತದೆ; ಹೊಸದಾಗಿ ಮಡಚಿ, ಜೀನ್ಸಿನ ದಪ್ಪ ಹಳದಿ ದಾರದಲ್ಲೇ ಹೊಲಿಸುವುದು ಮೇಲು. ಕೆಲವು ಬ್ರ್ಯಾಂಡುಗಳು ಸೊಂಟ ಮತ್ತು ಉದ್ದ ಎರಡನ್ನೂ ಪಟ್ಟಿಯ ಮೇಲೆ ಬರೆಯುತ್ತವೆ. 32 ಸೊಂಟಕ್ಕೆ 30 ಉದ್ದ ಸಿಕ್ಕಿದರೆ ಕತ್ತರಿಸುವುದು ಮೂರೇ ಇಂಚು, ಆಕಾರ ಬಹುಪಾಲು ಉಳಿಯುತ್ತದೆ. ಇಂಥವು ಬೆಂಗಳೂರಿನ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಲ್ಲಿ ನನಗೆ ಹೆಚ್ಚು ಸಿಕ್ಕಿವೆ. ಪೀಣ್ಯ, ಬೊಮ್ಮನಹಳ್ಳಿಯ ಕಾರ್ಖಾನೆಗಳಲ್ಲಿ ಹೊರದೇಶಕ್ಕೆಂದು ಹೊಲಿದ ಬಟ್ಟೆಗೆ ಆ ದೇಶಗಳವರು ಉದ್ದದಲ್ಲೂ ಎರಡು ಮೂರು ಬಗೆ ಕೇಳುತ್ತಾರೆ, ಮಿಕ್ಕದ್ದು ನಮ್ಮ ಪಾಲಿಗೆ ಬರುತ್ತದೆ. ಅಲ್ಲಿ ಪಟ್ಟಿಯನ್ನು ನಂಬದೆ ಟೇಪು ಹಿಡಿದೇ ಹೋಗಬೇಕು.

ಟೇಪಿನಿಂದ ನಾನು ಅಳೆಯುವುದು ಮೈಯನ್ನಲ್ಲ. ಮೈ ಅಳೆಸಿಕೊಂಡಾಗಲೆಲ್ಲ ಉಸಿರು ಬಿಗಿಹಿಡಿದೋ ಸಡಿಲಬಿಟ್ಟೋ ಅಂಕಿ ಬದಲಾಗುತ್ತದೆ. ನನ್ನಲ್ಲಿರುವ ಅತ್ಯಂತ ಚೆನ್ನಾಗಿ ಕೂರುವ ಅಂಗಿಯ ಗುಂಡಿ ಹಾಕಿ, ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ ಅಳೆದಿಟ್ಟುಕೊಂಡಿದ್ದೇನೆ: ಭುಜ 16½, ಎದೆಯ ಸುತ್ತಳತೆ 40, ತೋಳು 22½, ಕಾಲರ್ 15; ಉದ್ದ ಪ್ಯಾಂಟಿನೊಳಗೆ ಸೇರಿಸುವುದಾದರೆ 28, ಹೊರಗೆ ಬಿಡುವುದಾದರೆ 26½. ಇದು ಫೋನಿನಲ್ಲಿದ್ದರೆ ಅಂತರ್ಜಾಲದಲ್ಲಿ ಕೊಳ್ಳುವುದೂ ಸುಲಭ. ಒಂದು ಎಚ್ಚರಿಕೆ ಬೇಕು: ಮಾರುವವರು ಕೊಡುವ ಕೋಷ್ಟಕದಲ್ಲಿ ತೊಡುವವನ ಮೈಯ ಅಳತೆ ಬೇರೆ, ಬಟ್ಟೆಯ ಅಳತೆ ಬೇರೆ. ನಮಗೆ ಬೇಕಾದದ್ದು ಎರಡನೆಯದು. ಭುಜ ಮತ್ತು ಮುಂಭಾಗದ ಉದ್ದವನ್ನು ಅಂಕಿಯಲ್ಲಿ ಕೊಡದವರಿಂದ ನಾನು ಕೊಳ್ಳುವುದಿಲ್ಲ.

ಅಂಗಿಯ ಉದ್ದ ಕಡಿಮೆ ಮಾಡಿಸುವಾಗ ಕೊನೆಯ ಗುಂಡಿಯ ಕೆಳಗೆ ಎಷ್ಟು ಬಟ್ಟೆ ಉಳಿಯುತ್ತದೆಂದು ನೋಡಬೇಕು. ಎರಡೂವರೆ ಇಂಚಾದರೂ ಇರದಿದ್ದರೆ ಆ ಗುಂಡಿ ಅಂಚಿಗೆ ಅಂಟಿದಂತಿದ್ದು, ಕತ್ತರಿಸಿದ ಗುಟ್ಟು ಹೊರಬೀಳುತ್ತದೆ. ಹೊರಗೆ ಬಿಡುವ ಅಂಗಿಯ ಅಂಚು ಪ್ಯಾಂಟಿನ ಜಿಪ್ಪಿನ ನಡುಮಟ್ಟಕ್ಕೆ ಬಂದರೆ ಸಾಕು. ತುಂಬುತೋಳಿನಲ್ಲಿ ಕಫ್ ಬಿಚ್ಚಿ, ತೋಳಿನ ತುದಿ ಕತ್ತರಿಸಿ, ಅದೇ ಕಫನ್ನು ಮತ್ತೆ ಕೂಡಿಸುತ್ತಾರೆ. ಒಂದೂವರೆ ಇಂಚಿನವರೆಗೆ ಇದು ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಕಫಿನ ಮೇಲಿನ ಸೀಳು ಮೊಟಕಾಗಿ ತೋಳು ಮಡಚಲು ಬರುವುದಿಲ್ಲ. ತೋಳು ಅಗಲವಾಗಿರುವ ಕಡೆ ಕತ್ತರಿಸಿದ್ದರಿಂದ ನೆರಿಗೆಗಳೂ ದಪ್ಪವಾಗುತ್ತವೆ. ಅಂಥ ಅಂಗಿಯನ್ನು ಅರ್ಧ ತೋಳಿಗೆ ಇಳಿಸಿಬಿಡುವುದೇ ಜಾಣತನ. ಅರ್ಧ ತೋಳಾದರೂ ಮೊಣಕೈ ಮುಟ್ಟಬಾರದು, ಅದಕ್ಕಿಂತ ಎರಡು ಬೆರಳು ಮೇಲೆಯೇ ನಿಲ್ಲಬೇಕು. ಗಿಡ್ಡ ಇರುವವರು ಉದ್ದ ಗೀಟಿನ ಅಂಗಿಯನ್ನೇ ಹಾಕಬೇಕೆಂಬ ಉಪದೇಶ ಎಲ್ಲೆಡೆ ಕೇಳಿಬರುತ್ತದೆ. ಉದ್ದ ಸರಿಯಿಲ್ಲದ ಅಂಗಿಯಲ್ಲಿ ಗೀಟಿನಿಂದ ಏನೂ ಆಗದು, ಉದ್ದ ಸರಿಯಿದ್ದರೆ ಸಣ್ಣ ಚೌಕಳಿಯೂ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಟೈಲರ ಜೊತೆಗಿನ ವ್ಯವಹಾರವೂ ಕಲಿಯಬೇಕಾದದ್ದೇ. “ಸ್ವಲ್ಪ ಲೂಸ್ ಇರ್ಲಿ ಬಿಡಿ ಸಾರ್, ಒಗೆದ್ರೆ ಕುಗ್ಗುತ್ತೆ” ಎನ್ನುವುದು ಎಲ್ಲ ಊರಿನ ಟೈಲರುಗಳ ಮಾತು, ಮತ್ತು ಅದರಲ್ಲಿ ಸುಳ್ಳಿಲ್ಲ. ಹತ್ತಿಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದುಂಟು; 27 ಇಂಚಿನ ಉದ್ದದಲ್ಲಿ ಅದು ಒಂದು ಇಂಚಿನಷ್ಟಾಗುತ್ತದೆ. ಹೀಗಾಗಿ ಹೊಸ ಬಟ್ಟೆಯನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿಸಿದ ಮೇಲೆಯೇ ಕೊಂಡೊಯ್ಯುತ್ತೇನೆ. “ಮಾಸ್ಟ್ರೇ, ಇದು ಒಗೆದದ್ದೇ, ಗುರುತು ಹಾಕಿದ ಕಡೆಗೇ ಕತ್ತರಿಸಿ” ಎಂದರೆ ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಪ್ಯಾಂಟಿನ ಉದ್ದಕ್ಕೆ ನಿತ್ಯ ಹಾಕುವ ಬೂಟು ತೊಟ್ಟೇ ಹೋಗಬೇಕು. ಅಂಚು ಮುಂದೆ ಬೂಟನ್ನು ತಾಗಿ ನಿಲ್ಲಬೇಕು, ಹಿಂದೆ ಅರ್ಧ ಇಂಚು ಹೆಚ್ಚಿರಬೇಕು. ಫಾರ್ಮಲ್ ಪ್ಯಾಂಟಿನಲ್ಲಿ ಒಳಗೆ ಒಂದೂವರೆ ಇಂಚು ಮಾರ್ಜಿನ್ ಬಿಡಿಸಿಕೊಳ್ಳುತ್ತೇನೆ. ದೊಡ್ಡ ಟೈಲರಿಂಗ್ ಅಂಗಡಿಯವರಿಗೆ ಆಲ್ಟರೇಷನ್ ಎಂದರೆ ಅಷ್ಟಕ್ಕಷ್ಟೆ. ಒಂದೇ ಮೆಷಿನ್ನು ಇಟ್ಟುಕೊಂಡು ಇದನ್ನೇ ಕಸುಬಾಗಿ ಮಾಡುವವರ ಕೈ ಹೆಚ್ಚು ನಯ. ಜೂನ್ ತಿಂಗಳ ಯೂನಿಫಾರ್ಮ್ ಗದ್ದಲದಲ್ಲಿ, ರಂಜಾನ್ ಮತ್ತು ದೀಪಾವಳಿಯ ಮುಂಚೆ ಅವರ ಬಳಿ ಹೋಗಬಾರದು. ಮದುವೆಗಳಿಲ್ಲದ ಆಷಾಢ ಈ ಕೆಲಸಕ್ಕೆ ಪ್ರಶಸ್ತ ಕಾಲ. ಬಟ್ಟೆ ಅಂಗಡಿಗಳಲ್ಲಿ ಆಷಾಢದ ರಿಯಾಯಿತಿ ಇರುತ್ತದೆ, ಟೈಲರಿಗೂ ಪುರುಸೊತ್ತಿರುತ್ತದೆ.

ಪೂರ್ತಿ ಹೊಲಿಸಿಕೊಳ್ಳುವುದಾದರೆ ನಮಗೊಂದು ಅನುಕೂಲವಿದೆ. 58 ಇಂಚು ಅಗಲದ ಬಟ್ಟೆಯಲ್ಲಿ ತುಂಬುತೋಳಿನ ಅಂಗಿಗೆ 1.6 ಮೀಟರ್ ಕೊಡುವುದು ವಾಡಿಕೆ, ನನಗೆ 1.4 ಸಾಕು. ಮೊದಲೇ ಕತ್ತರಿಸಿಟ್ಟು ಮಾರುವ ಕಟ್ ಪೀಸಾಗಿದ್ದರೆ ಮಿಕ್ಕ ಬಟ್ಟೆಯಲ್ಲಿ ಇನ್ನೊಂದು ಕಾಲರ್ ಮತ್ತು ಕಫ್ ಕತ್ತರಿಸಿಟ್ಟುಕೊಳ್ಳಲು ಹೇಳುತ್ತೇನೆ, ಏಕೆಂದರೆ ಅಂಗಿ ಮೊದಲು ಸವೆಯುವುದು ಅಲ್ಲಿಯೇ. ಜೇಬನ್ನು ಅರ್ಧ ಇಂಚು ಮೇಲೆ, ಅಗಲ ನಾಲ್ಕೂವರೆ ಇಂಚಿಗೆ ಇಳಿಸಿ ಕೂರಿಸಬೇಕೆಂದು ಬಿಲ್ಲಿನ ಹಿಂದೆ ಬರೆಸುತ್ತೇನೆ. ಬಾಯಿಮಾತಿನಲ್ಲಿ ಹೇಳಿದ್ದು ಅಳತೆ ತೆಗೆದವರಿಂದ ಕಟಿಂಗ್ ಮೇಜಿಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ.

ಹುಡುಗರ ವಿಭಾಗದಲ್ಲಿ 14–15 ವರ್ಷದ ಬಟ್ಟೆ ಕೊಳ್ಳಬಹುದೆಂದು ಹಲವರು ಹೇಳುತ್ತಾರೆ. ಟೀ ಶರ್ಟು, ಆಟದ ಚಡ್ಡಿ, ಸ್ವೆಟರಿಗೆ ಅದು ಸರಿ, ಬೆಲೆಯೂ ಕಡಿಮೆ. ಅಂಗಿಗೆ ಮಾತ್ರ ಒಗ್ಗದು; ಹುಡುಗರ ಭುಜ ಮತ್ತು ಕುತ್ತಿಗೆಯ ಲೆಕ್ಕವೇ ಬೇರೆ.

ಬ್ಲೇಜರನ್ನು ಮಾತ್ರ ನಾನು ರೆಡಿಮೇಡ್ ಕೊಳ್ಳುವುದೇ ಇಲ್ಲ. ಅದರ ಉದ್ದವನ್ನು ಒಂದು ಇಂಚಿಗಿಂತ ಹೆಚ್ಚು ಕಡಿಮೆ ಮಾಡಿದರೆ ಪಕ್ಕದ ಜೇಬುಗಳು ಅಂಚಿಗೆ ಹತ್ತಿರವಾಗುತ್ತವೆ, ನಡುವಿನ ಗುಂಡಿಯೋ ಸೊಂಟಕ್ಕಿಂತ ಕೆಳಗೇ ಉಳಿಯುತ್ತದೆ. ತೋಳಿನ ತುದಿಯಲ್ಲಿ ನಿಜವಾಗಿ ತೆರೆಯುವ ಗುಂಡಿಕಾಜುಗಳಿದ್ದರೆ ತೋಳನ್ನು ಭುಜದ ಕಡೆಯಿಂದ ಬಿಚ್ಚಿ ಕಡಿಮೆ ಮಾಡಬೇಕಾಗುತ್ತದೆ, ಆ ಕೆಲಸಕ್ಕೆ ಕೋಟು ಹೊಲಿದು ಪಳಗಿದ ಕೈಯೇ ಬೇಕು.

ಜುಬ್ಬಾದಲ್ಲಿ ಇದೇ ಬಗೆಯ ತೊಡಕು ಬೇರೆ ರೂಪದಲ್ಲಿದೆ. ಮೊಣಕಾಲಿನ ಕೆಳಗೆ ಇಳಿಯುವ ಜುಬ್ಬಾವನ್ನು ನಾಲ್ಕು ಇಂಚು ಕತ್ತರಿಸಿದರೆ ಪಕ್ಕದ ಸೀಳು ಗಿಡ್ಡವಾಗಿ ನಡೆಯುವಾಗ ಎಳೆಯುತ್ತದೆ, ಸೀಳನ್ನು ಮೇಲಕ್ಕೆ ಬಿಚ್ಚೋಣವೆಂದರೆ ಪಕ್ಕದ ಜೇಬು ಅಡ್ಡ ಬರುತ್ತದೆ. ಜೇಬಿಲ್ಲದ ಜುಬ್ಬಾ ಕೊಳ್ಳುತ್ತೇನೆ, ಅಥವಾ ಹೊಲಿಸುತ್ತೇನೆ. ಪಂಚೆಗೆ ಯಾರ ಹಂಗೂ ಇಲ್ಲ. ಅದರ ಅಗಲ ಸುಮಾರು 50 ಇಂಚು, ನನಗೆ ಸೊಂಟದಿಂದ ಕೆಳಗೆ ಬೇಕಾದದ್ದು 38. ಹೆಚ್ಚಿನದನ್ನು ಉಡುವ ಮುಂಚೆಯೇ ಮೇಲಂಚಿನಲ್ಲಿ ಒಂದೇ ಸಮನಾಗಿ ಹೊರಕ್ಕೆ ಮಡಚಿಕೊಂಡರೆ ಜರಿಯಂಚು ಕೆಳಗೆ ನೆಟ್ಟಗೆ ಉಳಿಯುತ್ತದೆ. ಈಗ ಬರುವ ವೆಲ್ಕ್ರೋ ಪಂಚೆಗಳಲ್ಲಿ ಈ ಮಡಿಕೆ ದಪ್ಪವಾಗಿ ಪಟ್ಟಿ ಸರಿಯಾಗಿ ಹಿಡಿಯುವುದಿಲ್ಲ. ಅದನ್ನೇ ಕೊಳ್ಳುವವರು ವೆಲ್ಕ್ರೋ ಪಟ್ಟಿಯನ್ನು ಬಿಚ್ಚಿಸಿ, ಮೇಲಿನಿಂದ ಬೇಕಾದಷ್ಟು ಕತ್ತರಿಸಿ, ಪಟ್ಟಿಯನ್ನು ಮತ್ತೆ ಹೊಲಿಸಿಕೊಳ್ಳಬೇಕು.