ಬ್ಲಾಕ್ ಗೋಡೆಗೆ ಮರದ ಗೇಟು ಕೂರಿಸಿದ್ದು

ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಮರದ ಗೇಟು ಹಾಕಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು ಎಷ್ಟು ದಪ್ಪದ ಬೋಲ್ಟ್ ಬೇಕು ಅಂತ. ನಾನು ಮೊದಲು ನೋಡಿದ್ದು ಬ್ಲಾಕ್ ಗಟ್ಟಿಯೋ ಟೊಳ್ಳೋ ಅನ್ನುವುದನ್ನು. ತಟ್ಟಿ ನೋಡಿದರೆ ಸಾಲದು, ಗಾರೆ ಬಿಟ್ಟುಕೊಂಡಿದ್ದರೂ ಟೊಳ್ಳು ಸದ್ದೇ ಬರುತ್ತದೆ. ಸಣ್ಣ ಬಿಟ್ ಹಾಕಿ ಒಂದು ತೂತು ಕೊರೆದೆ. ಗಾರೆ ದಾಟಿ ಸುಮಾರು 3 ಸೆಂ.ಮೀ. ಒಳಗೆ ಹೋಗುವಷ್ಟರಲ್ಲಿ ಬಿಟ್ ಸರಕ್ಕನೆ ಜಾರಿತು. ಟೊಳ್ಳು ಬ್ಲಾಕ್ ಅಂತ ಖಾತ್ರಿಯಾಯಿತು.

ಗೇಟಿನ ಭಾರ ಗೋಡೆಯ ಮೇಲೆ ಹೇಗೆ ಬೀಳುತ್ತದೆ ಅಂತ ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ನನ್ನ ಗೇಟು 1 ಮೀಟರ್ ಅಗಲ, 40 ಕೆ.ಜಿ. ತೂಕ. ಗೇಟು ತಿರುಗುವ ಎರಡು ಕೀಲುಗಳಲ್ಲಿ ಮೇಲಿನದಕ್ಕೂ ಕೆಳಗಿನದಕ್ಕೂ ಮಧ್ಯೆ 1.2 ಮೀಟರ್. ಹೀಗಿದ್ದರೆ ಮೇಲಿನ ಕೀಲನ್ನು ಸುಮಾರು 17 ಕೆ.ಜಿ. ಬಲ ಹೊರಗೆ ಎಳೆಯುತ್ತದೆ, ಕೆಳಗಿನದನ್ನು ಅಷ್ಟೇ ಬಲ ಗೋಡೆಗೆ ಒತ್ತುತ್ತದೆ. 30 ಕೆ.ಜಿ.ಯ ಮಗು ಗೇಟಿನ ತುದಿಗೆ ಜೋತುಬಿದ್ದರೆ ಮೇಲಿನ ಎಳೆತಕ್ಕೆ ಇನ್ನೂ 25 ಕೆ.ಜಿ. ಸೇರುತ್ತದೆ. ಮಕ್ಕಳು ಜೋತುಬೀಳದ ಗೇಟು ಎಲ್ಲಿದೆ ಹೇಳಿ! ಕೀಲುಗಳನ್ನು ಹತ್ತಿರ ಹತ್ತಿರ ಹಾಕಿದಷ್ಟೂ ಈ ಎಳೆತ ಜಾಸ್ತಿ. ಅರ್ಧ ದೂರ ಅಂದರೆ ಎರಡರಷ್ಟು. ಗೇಟು ಮುಚ್ಚಿದ್ದಾಗ ಬೋಲ್ಟನ್ನು ಗೋಡೆಯಿಂದ ಕೀಳಲು ನೋಡುತ್ತದೆ, ತೆರೆದಾಗ ಪಕ್ಕಕ್ಕೆ ಎಳೆಯುತ್ತದೆ. ಎರಡನ್ನೂ ತಡೆಯಬೇಕು.

ಅದಕ್ಕೇ ಕೀಲನ್ನು ನೇರವಾಗಿ ಬ್ಲಾಕಿಗೆ ಬಿಗಿಯಲಿಲ್ಲ. ಚೆನ್ನಾಗಿ ಒಣಗಿದ ಮರದ ಕಂಬ ತಂದು, 100 × 75 ಮಿ.ಮೀ.ನದು, ಗೇಟಿನಷ್ಟೇ ಎತ್ತರಕ್ಕೆ ಗೋಡೆಯ ತುದಿಗೆ ನಿಲ್ಲಿಸಿದೆ. ಅದಕ್ಕೆ 12 ಮಿ.ಮೀ.ನ ನಾಲ್ಕು ಬೋಲ್ಟ್. ಒಂದೊಂದು ಬೋಲ್ಟ್ ಬೇರೆ ಬೇರೆ ಬ್ಲಾಕಿನಲ್ಲಿ ಕೂತಿತು, ಭಾರ ಹಂಚಿಹೋಯಿತು. ಎಲ್ಲಕ್ಕಿಂತ ಮೇಲಿನ ವರಸೆಯ ಬ್ಲಾಕನ್ನು ಮುಟ್ಟಲಿಲ್ಲ. ಅದರ ಮೇಲೆ ಒತ್ತಿ ಹಿಡಿಯುವ ಭಾರ ಏನೂ ಇರುವುದಿಲ್ಲವಲ್ಲ, ಬೋಲ್ಟ್ ಎಳೆದರೆ ಬ್ಲಾಕೇ ಅಲುಗಬಹುದು. ಎರಡು ಬ್ಲಾಕಿನ ನಡುವಿನ ಸಂದಿಯನ್ನೂ ಬಿಟ್ಟೆ.

ಟೊಳ್ಳು ಬ್ಲಾಕಿಗೆ ಹಿಗ್ಗುವ ಬೋಲ್ಟ್ ಬೇಡವೇ ಬೇಡ. ಅದು ಹಿಗ್ಗಿ ಒತ್ತಿದಾಗ ಬ್ಲಾಕಿನ ತೆಳು ಗೋಡೆ ಸೀಳುತ್ತದೆ. ನಾನು ಬಳಸಿದ್ದು ತೂತಿನೊಳಗೆ ಕೂರುವ ಜಾಲರಿ ಕೊಳವೆ ಮತ್ತು ಕೆಮಿಕಲ್ ಆಂಕರಿನ ಅಂಟು, ಅಂದರೆ ಗಟ್ಟಿಯಾಗಿ ಬೋಲ್ಟನ್ನು ಗೋಡೆಯಲ್ಲಿ ಹಿಡಿದಿಡುವ ಅಂಟು. ಡ್ರಿಲ್ಲಿನ ಹ್ಯಾಮರ್, ಅಂದರೆ ಕುಟ್ಟುತ್ತಾ ಕೊರೆಯುವುದನ್ನು, ಆಫ್ ಮಾಡಿ, ಸುಮ್ನೆ ತಿರುಗಿಸುತ್ತಾ ಕೊರೆದೆ. ಹ್ಯಾಮರ್ ಹಾಕಿದರೆ ಒಳಗಡೆ ಬ್ಲಾಕಿನ ಹಿಂಭಾಗ ಚಕ್ಕೆ ಚಕ್ಕೆಯಾಗಿ ಉದುರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ.

ಕೊರೆದ ಮೇಲೆ ಧೂಳು ತೆಗೆಯುವ ಕೆಲಸ. ಗಾಳಿ ಊದಿ, ಬ್ರಷ್ ಆಡಿಸಿ, ಮತ್ತೆ ಊದಿ, ಧೂಳು ಬರುವುದು ನಿಲ್ಲುವ ತನಕ ಬಿಡಲಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ. ಧೂಳು ಉಳಿದರೆ ಅಂಟು ಬ್ಲಾಕಿಗೆ ಹಿಡಿಯುವುದಿಲ್ಲ, ಧೂಳಿಗೆ ಹಿಡಿಯುತ್ತದೆ. ಟ್ಯೂಬಿನಿಂದ ಮೊದಲು ಬಂದ ಅಂಟನ್ನು ಚೆಲ್ಲಿ, ಬಣ್ಣ ಒಂದೇ ಸಮನಾದ ಮೇಲೆ ಜಾಲರಿಯೊಳಗೆ ತಳದಿಂದ ತುಂಬಿಸುತ್ತಾ ಬಂದೆ. ನಂತರ ಬೋಲ್ಟಿನ ಸರಳನ್ನು ನಿಧಾನವಾಗಿ ತಿರುಗಿಸುತ್ತಾ ಒಳಗೆ ತಳ್ಳಿದೆ. ಆಗ ಅಂಟು ಜಾಲರಿಯ ಕಣ್ಣುಗಳಿಂದ ಟೊಳ್ಳಿನೊಳಗೆ ಹೊರಬಂದು ಗಂಟಿನಂತೆ ಗಟ್ಟಿಯಾಗುತ್ತದೆ. ತೂತಿಗಿಂತ ದೊಡ್ಡ ಗಂಟು ಅದು, ಹಿಂದಕ್ಕೆ ಬರಲು ದಾರಿಯೇ ಇಲ್ಲ. ಎಷ್ಟು ಹೊತ್ತು ಕಾಯಬೇಕು ಅಂತ ಟ್ಯೂಬಿನ ಮೇಲೇ ಬರೆದಿರುತ್ತದೆ, ಚಳಿ ಇದ್ದರೆ ಜಾಸ್ತಿ ಹೊತ್ತು. ಅಲ್ಲಿಯತನಕ ಮುಟ್ಟಬಾರದು.

ಕಂಬವನ್ನು ನೆಲಕ್ಕೆ ತಾಗಿಸದೆ 5 ಸೆಂ.ಮೀ. ಮೇಲೆ ನಿಲ್ಲಿಸಿದೆ. ಕತ್ತರಿಸಿದ ತುದಿಗಳಿಗೆ ಎಣ್ಣೆ ಚೆನ್ನಾಗಿ ಕುಡಿಸಿದೆ, ಮರ ನೀರು ಹೀರುವುದು ಅಲ್ಲೇ ಅಲ್ವಾ. ಗೋಡೆಗೂ ಕಂಬಕ್ಕೂ ನಡುವೆ ಬೋಲ್ಟಿಗೆ ದಪ್ಪ ವಾಷರ್ ಹಾಕಿ ಗಾಳಿಯಾಡುವಷ್ಟು ಸಂದು ಬಿಟ್ಟೆ. ಗೋಡೆ ಎಷ್ಟು ನೆಟ್ಟಗಿದೆ ಅಂತ ನಂಬಬೇಡಿ. ರಸಮಟ್ಟ ಹಿಡಿದು ಎರಡೂ ಕಡೆಯಿಂದ ಕಂಬವನ್ನೇ ನೋಡಿ. ಕಂಬ ವಾಲಿದರೆ ಗೇಟು ತಾನಾಗಿ ತೆರೆದುಕೊಳ್ಳುತ್ತದೆ, ಇಲ್ಲವೇ ಮುಚ್ಚಿಕೊಳ್ಳುತ್ತದೆ.

ಗೇಟಿನ ಓರೆಪಟ್ಟಿ ಕೆಳಗಿನ ಕೀಲಿನ ಮೂಲೆಯಿಂದ ಮೇಲಿನ ಚಿಲಕದ ಮೂಲೆಗೆ ಹೋಗಬೇಕು. ಚಿಲಕದ ಕಡೆ 10 ಮಿ.ಮೀ., ಕೆಳಗೆ 5 ಸೆಂ.ಮೀ. ಜಾಗ ಬಿಟ್ಟೆ. ಮಳೆಗಾಲದಲ್ಲಿ ಮರ ಊದಿಕೊಂಡರೂ ಸಿಕ್ಕಿಕೊಳ್ಳುವುದಿಲ್ಲ. ಅಡಿಯಲ್ಲಿ ಮರದ ತುಂಡು ಇಟ್ಟು ಗೇಟನ್ನು ಎತ್ತರಕ್ಕೆ ನಿಲ್ಲಿಸಿ, ಒಂದೊಂದು ಕೀಲಿಗೂ ಮೊದಲು ಒಂದೇ ಸ್ಕ್ರೂ. ಆಡಿಸಿ ನೋಡಿ ಸರಿ ಅನಿಸಿದ ಮೇಲೆ ಉಳಿದದ್ದು. ಮರ ಒಣಗುತ್ತಾ ಕುಗ್ಗುವುದರಿಂದ ಬೇಸಿಗೆ ಕಳೆದ ಮೇಲೆ ಕಂಬದ ನಟ್‌ಗಳನ್ನು ಇನ್ನೊಂದು ಸುತ್ತು ಬಿಗಿದೆ. ಸ್ವಲ್ಪ ಸಡಿಲವಾಗಿದ್ದವು.